ಸಿಹಿಗೆಡ್ಡೆಯ ಕಾಳು

"ಸುಳ್ಳು ಹೇಳಬಾರದು ಎಂದಿರಿ, ಗುರುಗಳೇ. ಆದರೆ ಎದುರಿನವರು ಕೇಳದೇ ಇದ್ದುದನ್ನು ನಾವು ಹೇಳದೆ ಉಳಿದರೆ, ಅದೂ ದೋಷವೇ?" ಎಂದು ಸಂಗಯ್ಯನೆಂಬ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತ ದೂರದ ಊರಿನಿಂದ ಒಂದು ಬಳ್ಳಿಯ ಬೀಜ ತಂದಿದ್ದ. ಅದರ ಬೇರಿನಲ್ಲಿ ಬುಗುರಿಯಂಥ ಗೆಡ್ಡೆ ಬಿಡುತ್ತಿತ್ತು. ಕಂದು ಸಿಪ್ಪೆ ಸುಲಿದರೆ ಒಳಗೆ ಬೆಳ್ಳಗೆ, ನೀರು ತುಂಬಿ, ಹಸಿಯಾಗಿಯೇ ತಿನ್ನುವಷ್ಟು ಸಿಹಿ. ಬೀಜ ಕೊಟ್ಟ ಮುದುಕ ಎರಡು ಮಾತು ಹೇಳಿ ಕಳಿಸಿದ್ದ. ಹೂ ಬಿಟ್ಟಾಗ ಚಿವುಟಿಬಿಡು, ಗೆಡ್ಡೆ ದಪ್ಪವಾಗುತ್ತದೆ. ಬೀಜಕ್ಕೆಂದು ಉಳಿಸಿದ ಕಾಯಿಯನ್ನು ಯಾರೂ ಬಾಯಿಗಿಡದಂತೆ ನೋಡಿಕೊ, ಬಲಿತ ಕಾಳು ವಿಷ.

ಸಂತೆಯಲ್ಲಿ ಅವನ ಗೆಡ್ಡೆಗೆ ಹೆಸರಾಯಿತು. ನೆರೆಹೊಲದವನು ಬಂದು ಬೀಜ ಕೇಳಿದ. ಇಲ್ಲವೆನ್ನಲು ರೈತನಿಗೆ ಬಾಯಿ ಬರಲಿಲ್ಲ. ಒಂದು ಹಿಡಿ ಕೊಟ್ಟ. ಯಾವಾಗ ಊರಬೇಕು, ಎಷ್ಟು ನೀರು ಬಿಡಬೇಕು, ಯಾವಾಗ ಅಗೆಯಬೇಕು ಎಂದು ನೆರೆಯವನು ವಿಚಾರಿಸಿದ. ಕೇಳಿದ್ದಕ್ಕೆಲ್ಲ ರೈತ ಸರಿಯಾಗಿಯೇ ಹೇಳಿದ. ಹೂ ಚಿವುಟುವ ಮಾತನ್ನು ಮಾತ್ರ ಎತ್ತಲಿಲ್ಲ. ಅವನ ಗೆಡ್ಡೆ ತನ್ನದಕ್ಕಿಂತ ಸಣ್ಣದಾಗಿರಲಿ ಎಂಬಷ್ಟೇ ಆಸೆ. ಹೂ ಉಳಿದರೆ ಕಾಯಿಯೂ ಬರುತ್ತದೆ, ಕಾಳಿನ ವಿಷದ ಮಾತನ್ನೂ ಹೇಳಬೇಕು ಎಂಬುದು ಆಗ ಹೊಳೆಯಲಿಲ್ಲ.

ಕಾಯಿ ಬಂತು. ಬೇಲಿಯಾಚೆ ಅವು ಬಲಿತು ಜೋತಾಡುವುದನ್ನು ರೈತ ಕಂಡ. ಎಚ್ಚರಿಸಬೇಕೆಂದು ಬೇಲಿಯವರೆಗೆ ಹೋದ. ಹೇಳಿದರೆ, ಹೂ ಚಿವುಟುವುದನ್ನು ಯಾಕೆ ಮುಚ್ಚಿಟ್ಟೆ ಎಂದು ಅವನು ಕೇಳಿಯೇ ಕೇಳುತ್ತಾನೆ. ನಾಳೆ ಹೇಗಾದರೂ ಮಾತು ತೆಗೆದು ಹೇಳಿದರಾಯಿತು ಎಂದುಕೊಂಡು ಹಿಂದಿರುಗಿದ. ಹೀಗೆ ಎಂಟು ದಿನ ಕಳೆಯಿತು.

ಒಂಬತ್ತನೆಯ ದಿನ ನೆರೆಯವನು ಪಕ್ಕದ ಊರಿಗೆ ಹೋಗಿದ್ದ. ಅವನ ಹೆಂಡತಿ ಆ ಕಾಯಿ ಸುಲಿದು, ಅವರೆಕಾಳಿನ ಹಾಗೆ ಬೇಯಿಸಿ, ಹುಳಿ ಮಾಡಿ ಉಂಡಳು. ಸಂಜೆ ಅವನು ಮನೆಗೆ ಬರುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ಮೇಲೆ ನೆರೆಯವನು ರೈತನ ಅಂಗಳದಲ್ಲಿ ನಿಂತ.

"ಅದು ವಿಷವೆಂದು ನಿನಗೆ ಗೊತ್ತಿತ್ತೇನಪ್ಪ?"

"ನೀನು ಕೇಳಲಿಲ್ಲ" ಎಂದ ರೈತ. ಆಡಿದ ಮೇಲೆ ಆ ಮಾತು ಅವನ ಕಿವಿಗೇ ಅಸಹ್ಯವಾಯಿತು.

ನೆರೆಯವನು ಜಗಳವಾಡಲಿಲ್ಲ. ಊರ ಹಿರಿಯರ ಬಳಿಗೂ ಹೋಗಲಿಲ್ಲ. ಅಗೆಯುವ ಕಾಲ ಬಂದಾಗ ಒಂದು ಗೆಡ್ಡೆಯನ್ನು ತೊಳೆದು ತಂದು ರೈತನ ಕೈಗಿಟ್ಟ. "ಸಿಹಿಯಾಗಿದೆ. ನೀನು ಹೇಳಿದ್ದರಲ್ಲಿ ಯಾವುದೂ ಸುಳ್ಳಾಗಲಿಲ್ಲ" ಎಂದು ಹೇಳಿ ಹೊರಟುಹೋದ.

ರೈತ ತನ್ನ ಹೊಲದ ಬಳ್ಳಿಗಳನ್ನೆಲ್ಲ ಕಿತ್ತುಹಾಕಿದ. ಆ ವೇಳೆಗೆ ಬೀಜ ಸುತ್ತಿನ ಊರುಗಳಿಗೂ ಹೋಗಿತ್ತು. ಅವನು ಅಲ್ಲಿಗೆಲ್ಲ ನಡೆದು ಮನೆಮನೆಯಲ್ಲೂ ಕಾಳಿನ ಸಂಗತಿ ತಿಳಿಸಿದ. ಜನ ಅವನನ್ನು ಉಪಕಾರಿ ಎಂದರು, ಊಟಕ್ಕೆ ಕರೆದರು. ಅವನು ಯಾರ ಮನೆಯಲ್ಲೂ ಉಣ್ಣಲಿಲ್ಲ. ಆದರೆ ನೆರೆಯವನ ಬಾಗಿಲಿಗೆ ಹೋಗಿ, ಹೂವಿನ ಮಾತನ್ನು ಬೇಕೆಂದೇ ಮುಚ್ಚಿಟ್ಟೆ ಎಂದು ಒಪ್ಪಿಕೊಳ್ಳುವುದು ಮಾತ್ರ ಸಾಯುವವರೆಗೂ ಅವನಿಂದಾಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಒಂದು ಸಲ ಹೋಗಿ ಹೇಳಿಬಿಡಬಹುದಿತ್ತಲ್ಲ, ಗುರುಗಳೇ" ಎಂದ ಸಂಗಯ್ಯ.

ಗುರುಗಳು ಅವನ ಮುಖವನ್ನೇ ನೋಡಿದರು. "ನೀನು ಯಾರಿಗೆ, ಏನನ್ನು ಹೇಳದೆ ಇಲ್ಲಿಗೆ ಬಂದಿದ್ದೀಯೆ?" ಎಂದರು.