ಗಿರಾಕಿಯ ಅಳತೆ ತಗೊಂಡ ಗುರುಮಲ್ಲ

ಕೇಳ್ರಪ್ಪ, ದೊಡ್ಡತಾಯಮ್ಮ ಅಂತ ಒಬ್ಬ ಟೈಲರಮ್ಮ ಇದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅಂಥವಳ ಹೊಟ್ಟೆಯಲ್ಲಿ ಗುರುಮಲ್ಲ ಹುಟ್ಟಿದ. ಓದಿದ್ದು ರಾಶಿ, ತಲೆಗೆ ಹತ್ತಿದ್ದು ಚಿಟಿಕೆ. ಗಾಲ್ಫ್ ಮೈದಾನದ ನಕ್ಷೆ ಬರೆಯೋ ಕೆಲಸ ಹೇಗೋ ಸಿಕ್ಕಿತ್ತು. ಅದೂ ಹೋದರೆ ಮಗನನ್ನು ಹೊಲಿಗೆ ಮಿಷನ್ ಮುಂದೆ ಕೂರಿಸಬೇಕಲ್ಲ, ಕೇರಿಯ ಹೆಂಗಸರ ರವಿಕೆಗಳ ಗತಿ ಏನು ಅಂತ ತಾಯಿಗೆ ದಿಗಿಲು.

ಮೊದಲು ಮೈದಾನ ಮಾಡಿಸೋಕೆ ಬಂದವರು ಮಂಡಿನೋವಿನ ಮುದುಕರು. ಗುರುಮಲ್ಲ ಪುಸ್ತಕದಲ್ಲಿದ್ದದ್ದನ್ನೇ ನೆಲಕ್ಕಿಳಿಸಿದ. ಎರಡು ಗುಡ್ಡ, ಮೂರು ಕೆರೆ, ಹೆಜ್ಜೆಗೊಂದು ಮರಳುಗುಂಡಿ. ಗುಂಡಿಗೆ ಇಳಿದ ಒಬ್ಬರನ್ನು ನಾಲ್ಕು ಜನ ಸೇರಿ ಎತ್ತಬೇಕಾಯಿತು. ಮುದುಕರು ಉಗಿದು ಕಳಿಸಿದರು.

"ಅಳತೆ ಇಲ್ದೆ ನಾನು ರವಿಕೆ ಹೊಲೀತೀನೇನೋ?" ಅಂದಳು ತಾಯಿ. "ಮೊದ್ಲು ಗಿರಾಕಿ ಅಳತೆ ತಗೋ, ಆಮೇಲೆ ಕೆಲಸ."

ಸರಿ ಅಂದ. ಆಮೇಲೆ ಬಂದವರು ಪಂದ್ಯ ಆಡಿಸೋ ಕ್ಲಬ್ಬಿನವರು. ಗಟ್ಟಿಗರೂ ಬೆವರೋ ಮೈದಾನ ಅವರಿಗೆ ಬೇಕಿತ್ತು. ಗುರುಮಲ್ಲ ಟೇಪ್ ಹಿಡಿದು ಹೋಗಿ ಅಧ್ಯಕ್ಷರ ಎದೆ, ತೋಳು, ಸೊಂಟ ಅಳೆದ. ಸೊಂಟ ನಲವತ್ತೆರಡು ಇಂಚು. ಚೆಂಡು ಬೀಳೋ ಕುಳಿಗಳನ್ನೂ ಅದೇ ಸುತ್ತಳತೆಗೆ ತೋಡಿಸಿದ, ಮೇಲೆ ಎರಡಿಂಚು ಸಡಿಲ ಬಿಟ್ಟ. ಕಣ್ಣು ಮುಚ್ಚಿ ತಳ್ಳಿದರೂ ಚೆಂಡು ಒಳಗೆ. ಪಂದ್ಯಕ್ಕೆ ಬಂದವರು ನಕ್ಕು ಎದ್ದುಹೋದರು. ಇನ್ನೊಂದು ಮೈದಾನ ಕೆಟ್ಟರೆ ನೀನು ಮನೆಗೆ ಅಂತ ಕೆಲಸ ಕೊಟ್ಟಿದ್ದ ಯಜಮಾನರು ಹೇಳಿಬಿಟ್ಟರು.

ತಾಯಿ ಹಣೆ ಚಚ್ಚಿಕೊಂಡಳು. "ಮೈ ಅಳತೆ ಅಲ್ವೋ ಮಗನೇ. ಅವರಿಗೆ ಏನು ಕಷ್ಟ ಅಂತ ಬಾಯಿಬಿಟ್ಟು ಕೇಳು. ಆ ಕಷ್ಟ ತೆಗೆದುಬಿಡು, ಸಾಕು."

ಮೂರನೆಯವರು ರೆಸಾರ್ಟ್ ನಡೆಸೋ ಪೊನ್ನಮ್ಮ. ಗುರುಮಲ್ಲ ಬಾಯಿಬಿಟ್ಟು ಕೇಳಿದ. ನಮ್ಮ ಅತಿಥಿಗಳೆಲ್ಲ ಹೊಸಬರು, ಎಷ್ಟು ಹೊಡೆದರೂ ಚೆಂಡು ಕುಳಿಗೆ ಬೀಳಲ್ಲ, ಅದೇ ಅವರಿಗೆ ಕೊರಗು ಅಂದರು ಆಕೆ.

ಮೈದಾನ ತೆರೆಯೋ ದಿನ ತಾಯಿ ಹೊಸ ಸೀರೆ ಉಟ್ಟು ಬಂದಳು. ಮೊದಲ ಅತಿಥಿ ಹೊಡೆದ ಚೆಂಡು ಕುಳಿಯ ಗುರುತಿಗೆ ನೆಟ್ಟ ಬಾವುಟದ ಬುಡಕ್ಕೇ ಹೋಗಿ ನಿಂತಿತು. ಕುಳಿ ಎಲ್ಲಿ ಅಂತ ಎಲ್ಲರೂ ಬಗ್ಗಿ ನೋಡಿದರು.

"ಹದಿನೆಂಟೂ ಮುಚ್ಚಿಸಿದೆ ಮೇಡಂ. ಕುಳಿನೇ ಇಲ್ದಿದ್ರೆ ಬೀಳ್ಲಿಲ್ಲ ಅನ್ನೋ ಕೊರಗೂ ಇಲ್ಲ," ಅಂದ ಗುರುಮಲ್ಲ.

ಕೆಲಸ ಹೋಯಿತು. ಆವತ್ತು ತಾಯಿ ಬಯ್ಯಲಿಲ್ಲ. ಅವಳಿಗೆ ಅಳು ಬರುತ್ತಿತ್ತು, ಆದರೂ ಮಗನ ಕೈ ಹಿಡಿದು ಮನೆಗೆ ಕರೆತಂದು ಮಿಷನ್ ಮುಂದೆ ಕೂರಿಸಿದಳು.

ಮಾರನೇ ದಿನ ಪಕ್ಕದ ಮನೆ ಕೆಂಪಾಜಮ್ಮ ರವಿಕೆ ತಂದು, ತೋಳು ಬಿಗಿ, ಕೈ ತೂರಿಸೋದೇ ಕಷ್ಟ ಅಂದಳು. ಸಂಜೆಗೆ ಗುರುಮಲ್ಲ ಅದನ್ನು ಇಸ್ತ್ರಿ ಮಾಡಿ, ಮಡಚಿ, ನಗುನಗುತ್ತ ಕೈಗಿತ್ತ.

ಎರಡೂ ತೋಳಿನ ಬಾಯಿ ಹೊಲಿದಿದ್ದ.