ಸೆರಗಿನಲ್ಲಿದ್ದ ಕಾಗದ

"ಗುರುಗಳೇ, ನಾನೂ ನನ್ನ ತಮ್ಮನೂ ಒಂದೇ ಶಾಲೆಯಲ್ಲಿ ಒಂದೇ ತರಗತಿಯವರೆಗೆ ಓದಿದೆವು. ಅವನು ಗಿರಣಿ ಸೇರಿದ; ಓದಿದವನೆಂದು ಹೆಚ್ಚು ಸಂಬಳ ಕೊಟ್ಟರು. ನಾನು ಸಂತೆಯಲ್ಲಿ ಬದನೆಕಾಯಿ ಮಾರುತ್ತೇನೆ. ಪಕ್ಕದಲ್ಲಿ ಹೆಬ್ಬೆಟ್ಟು ಒತ್ತುವವಳಿಗೆ ಸಿಕ್ಕಷ್ಟೇ ನನಗೂ ಸಿಗುತ್ತದೆ. ನನ್ನ ವಿದ್ಯೆ ಎಲ್ಲಿ ಹೋಯಿತು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಗಂಡ ತೀರಿಕೊಂಡ ಒಬ್ಬ ಮಡಿವಾಳಗಿತ್ತಿ ಇದ್ದಳು. ಊರವರ ಬಟ್ಟೆಯ ಜೊತೆಗೆ ಆಸ್ಪತ್ರೆಯ ಹಾಸುಬಟ್ಟೆಗಳನ್ನೂ ಹೊಳೆಗೆ ಹೊತ್ತು ಒಗೆಯುತ್ತಿದ್ದಳು; ಮೂಟೆಗಿಷ್ಟು ಎಂದು ಕೂಲಿ. ಅದೇ ಹಾಸುಬಟ್ಟೆಯನ್ನು ಆಸ್ಪತ್ರೆಯ ಒಳಗೇ ಒಗೆಯುವವರಿಗೆ ತಿಂಗಳ ಸಂಬಳ, ಜ್ವರ ಬಂದು ಮಲಗಿದರೂ ನಿಲ್ಲದ ಸಂಬಳ. ಅಲ್ಲಿಗೆ ಏಳನೆಯ ತರಗತಿ ಪಾಸಾಗಿರಬೇಕು. ಮೊಣಕಾಲುದ್ದ ನೀರಿನಲ್ಲಿ ನಿಂತು ನಿಂತು ಸೋತವಳು, ಒಳಗಿನ ಆ ಕೆಲಸ ಹಿಡಿದೇ ತೀರುತ್ತೇನೆ ಎಂದು ಹಟ ತೊಟ್ಟಳು.

ಮಧ್ಯಾಹ್ನವಾದರೆ ತಲೆ ಬಾಚಿ, ಸೀರೆ ಬದಲಿಸಿ, ಹೆಂಡತಿಯಿಲ್ಲದ ಮೇಷ್ಟರ ಮನೆಗೆ ಹೋಗತೊಡಗಿದಳು. ಹೊಳೆದಂಡೆಯ ಬಾಯಿಗಳಿಗೆ ಹಬ್ಬವಾಯಿತು.

"ಏನಕ್ಕಾ, ಮೇಷ್ಟರು ಅದೇನು ಕಲಿಸ್ತಾರೆ ದಿನಾ?"

"ಮಗ್ಗಿ ಕಣೇ. ಹದಿನಾರರಲ್ಲಿ ಸಿಕ್ಕಿಬಿದ್ದಿದೀನಿ. ಬೇರೆ ಏನಾದ್ರೂ ನಿನಗೆ ಗೊತ್ತಿದ್ರೆ ಹೇಳು, ನಾನೂ ಕೇಳಿಸಿಕೊಳ್ತೀನಿ."

ಎರಡು ವರ್ಷಕ್ಕೆ ಪಾಸಾದಳು. ಹೊಳೆಯಲ್ಲಿ ಮೂಟೆಗೆ ಒಂದು ಕಾಸೂ ಹೆಚ್ಚಲಿಲ್ಲ. ಬಟ್ಟೆ ಮೊದಲಿನಷ್ಟೇ ಬೆಳ್ಳಗಿತ್ತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಇದ್ದೊಂದು ಒಳ್ಳೆಯ ಸೀರೆಯನ್ನು ಕಲ್ಲಿಗೆ ಬಡಿದು ಒಗೆದಳು. ಪಾಸಾದ ಪತ್ರ ಅದರ ಸೆರಗಿನ ಗಂಟಿನಲ್ಲಿತ್ತು. ಊರವರ ಜೇಬನ್ನೆಲ್ಲ ತಡವಿ ಒಗೆಯುವವಳು ತನ್ನ ಸೆರಗನ್ನು ತಡವಲಿಲ್ಲ; ಪತ್ರ ಮುದ್ದೆಯಾಗಿ ಅಕ್ಷರವೆಲ್ಲ ನೀರಿಗೆ ಹೋಯಿತು.

ಆದರೂ ಹೋದಳು. ಗುಮಾಸ್ತ ಪತ್ರ ಕೇಳಿದ. ಅವಳು ಗೋಡೆಗೆ ಅಂಟಿಸಿದ್ದ ಪ್ರಕಟಣೆಯನ್ನು ಒಂದಕ್ಷರ ತಪ್ಪದೆ ಗಟ್ಟಿಯಾಗಿ ಓದಿದಳು: ಏಳನೆಯ ತರಗತಿ ಪಾಸಾದ ಪತ್ರ ಹಾಜರುಪಡಿಸತಕ್ಕದ್ದು.

"ಚೆನ್ನಾಗಿ ಓದ್ತೀಯಮ್ಮ," ಎಂದ ಗುಮಾಸ್ತ. "ಪತ್ರ ತಗೊಂಡು ಬಾ."

ಮೇಷ್ಟರು ಓಡಾಡಿ ಇನ್ನೊಂದು ಪ್ರತಿ ತರಿಸಿಕೊಟ್ಟರು. ಅಂದಿನಿಂದ ಅವಳಿಗೆ ತಿಂಗಳ ಸಂಬಳ, ಒಣಗಿದ ಕಾಲು, ಕಣ್ತುಂಬ ನಿದ್ದೆ. ಮೇಷ್ಟರ ಮನೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಈಗ ಏನು ಕಲಿಯುತ್ತಾಳೋ, ಹೊಳೆದಂಡೆಗೆ ಇನ್ನೂ ತಿಳಿದಿಲ್ಲ.

ಶಿಷ್ಯ ನಕ್ಕ. "ಆದರೆ ನನ್ನ ಪ್ರಶ್ನೆಗೆ ಉತ್ತರ?"

ಗುರುಗಳು ಎಂದರು: "ಆಸ್ಪತ್ರೆ ಸಂಬಳ ಕೊಟ್ಟದ್ದು ಒಗೆದರೆ ಹೋಗುವ ವಿದ್ಯೆಗೆ; ಎಲ್ಲಿ ಹೋಯಿತು ಎಂದು ನೀನು ಹುಡುಕುತ್ತಿರುವುದು ಯಾವುದನ್ನು?"