ಈಜುಗಾರನನ್ನು ಕೇಳದ ಶ್ಲೋಕ

ಸೋಮದೇವ ಗುರುಗಳ ಆಶ್ರಮ ಸೇರುವುದೆಂದರೆ ಹುಡುಗಾಟವಲ್ಲ. ಬಂದವರನ್ನು ಬಾಗಿಲಾಚೆಯೇ ನಿಲ್ಲಿಸಿ ಗುರುಗಳು ಒಂದು ಶ್ಲೋಕ ಹೇಳುತ್ತಿದ್ದರು. ಅರ್ಥ ಬಿಡಿಸಿದವನು ಒಳಗೆ, ತಡವರಿಸಿದವನು ಊರಿಗೆ. ಮಂತ್ರಿಯ ಮಗನೇ ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗಿದ್ದ.

ಮಾಚನನ್ನು ಮಾತ್ರ ಯಾವ ಶ್ಲೋಕವನ್ನೂ ಕೇಳಿರಲಿಲ್ಲ. ಅವನು ಅಂಬಿಗರ ಹುಡುಗ. ತುಂಬಿದ ಹೊಳೆಯನ್ನು ಅವನು ಈಜಿ ದಾಟಿದ್ದನ್ನು ಕಂಡು ಗುರುಗಳೇ ಕೈಹಿಡಿದು ಕರೆತಂದಿದ್ದರು. ಆಚೆ ದಡದ ಆಶ್ರಮದೊಂದಿಗೆ ವರ್ಷಕ್ಕೊಮ್ಮೆ ಈಜಿನ ಪಂದ್ಯ ನಡೆಯುತ್ತಿತ್ತು. ಅವನು ಬಂದ ಮೇಲೆ ಈ ದಡ ಸೋತಿರಲಿಲ್ಲ.

ಪಾಠಕ್ಕೆ ಕೂತ ದಿನ ಗುರುಗಳ ಕಣ್ಣು ತನ್ನತ್ತ ಹೊರಳಿದರೆ ಸಾಕು, ಮಾಚ ಮುಂದೆ ಕೂತವನ ಬೆನ್ನ ಹಿಂದೆ ಸರಿದುಕೊಳ್ಳುತ್ತಿದ್ದ. ಕೇಳಿದರೆ ಏನು ಹೇಳುವುದು? ಆದರೆ ಯಾರೂ ಏನೂ ಕೇಳುತ್ತಿರಲಿಲ್ಲ.

“ನೀನು ಹೋಗಿ ಈಜಪ್ಪಾ,” ಎಂದು ಜೊತೆಯವರು ನಗುತ್ತಿದ್ದರು.

ಅತ್ತ ಅವನ ತಾಯಿ ಹರಿಗೋಲು ಹತ್ತಿದವರಿಗೆಲ್ಲ, “ನನ್ ಮಗ ಶಾಸ್ತ್ರ ಓದ್ತಾವ್ನೆ,” ಎಂದು ಹೇಳಿಕೊಂಡು ಹಿಗ್ಗುತ್ತಿದ್ದಳು.

ಪಂದ್ಯದ ಹಿಂದಿನ ದಿನ ನೀರಿನಲ್ಲಿದ್ದಾಗಲೇ ಅವನ ಭುಜದ ಕೀಲು ತಪ್ಪಿತು. ನೋವಿಗಿಂತ ಭಯವೇ ಹೆಚ್ಚಾಯಿತು. ಈಜಲಾರದವನಿಗೆ ಇಲ್ಲೇನು ಕೆಲಸ? ಅಮ್ಮನಿಗೆ ಯಾವ ಮುಖ ತೋರಿಸುವುದು?

ಸಂಜೆ ಗುರುಗಳ ಮುಂದೆ ಹೋಗಿ ನಿಂತ.

“ಕೈ ಏಳ್ತಿಲ್ಲ, ಗುರುಗಳೇ. ನಾಳೆ ನನ್ ಕೈಲಾಗಲ್ಲ.”

ಗುರುಗಳು ಎದ್ದು ಅವನನ್ನು ಬಾಗಿಲವರೆಗೆ ಕರೆದೊಯ್ದರು. ಅವನನ್ನು ಹೊರಗೆ ನಿಲ್ಲಿಸಿ ತಾವು ಹೊಸ್ತಿಲ ಒಳಗೆ ನಿಂತರು. ಮಾಚ ಹೊಸ್ತಿಲನ್ನೇ ನೋಡಿದ. ಮುಗಿಯಿತು, ಓಡಿಸಿಬಿಟ್ಟರು ಎಂದುಕೊಂಡ.

ಗುರುಗಳು ಒಂದು ಶ್ಲೋಕ ಹೇಳಿದರು.

“ಅರ್ಥ ಹೇಳು.”

“ಗೊತ್ತಿಲ್ಲ, ಗುರುಗಳೇ.”

“ನಿನ್ನೆ ಪಾಠದಲ್ಲಿ ಇದನ್ನೇ ಬಿಡಿಸಿದೆನಲ್ಲ?”

“ನಿನ್ನೆ ಪಾಠದ ಹೊತ್ತಿಗೆ ನನ್ನ ಹೊಳೆಗೆ ಕಳಿಸಿದ್ರಿ.”

“ಮೊನ್ನೆ?”

“ಮೊನ್ನೆನೂ ಹೊಳೆಗೇ.”

ಗುರುಗಳು ತಲೆ ತಗ್ಗಿಸಿ ನಿಂತರು. ಅವರು ಯಾರ ಮುಂದೆಯೂ ಹಾಗೆ ನಿಂತದ್ದನ್ನು ಮಾಚ ಕಂಡಿರಲಿಲ್ಲ. ಅವನಿಗೆ ಇನ್ನಷ್ಟು ಹೆದರಿಕೆಯಾಯಿತು. ಆಮೇಲೆ ಅವರು ಹೊಸ್ತಿಲು ದಾಟಿ ಹೊರಗೆ ಬಂದು ಅವನ ಪಕ್ಕದಲ್ಲಿ ನಿಂತರು.

“ನಾಳೆಯ ಪಂದ್ಯ, ಗುರುಗಳೇ?”

“ಸೋಲೋಣ.”

“ನನ್ನ ಆಚೆ ಕಳಿಸಿಬಿಡ್ತೀರಾ?”

“ಹೇಗೆ ಕಳಿಸಲಿ, ಮಾಚ? ಆ ದಿನ ನಿನ್ನ ತೋಳುಗಳನ್ನಷ್ಟೇ ಕರೆತಂದೆ. ನೀನು ಇನ್ನೂ ಒಳಗೆ ಬಂದೇ ಇಲ್ಲವಲ್ಲ. ಬಾ.”